ಇಷ್ಟಕ್ಕೆಲ್ಲ ಕೌನ್ಸೆಲಿಂಗ್ ಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಲೇಜು, ಯೂನಿವರ್ಸಿಟಿಯಲ್ಲಿ ಓದುತ್ತಿರುವವರದ್ದು. ಒಂದು ಸಾಲು ಮಾತ್ರ ಮತ್ತೆ ಮತ್ತೆ ಸಿಗುತ್ತದೆ: "ಇದು ಅಂಥ ದೊಡ್ಡ ಸಮಸ್ಯೆಯೇನಲ್ಲ, ಆದರೂ..." ಆ ಸಾಲಿನ ನಂತರ ಬರೆದದ್ದು ಯಾವುದೂ ಸಣ್ಣದಲ್ಲ. ಹೆಸರು, ಊರು, ಕಾಲೇಜು ಎಲ್ಲ ತೆಗೆದು, ಉದ್ದ ಇದ್ದವನ್ನು ಸ್ವಲ್ಪ ಕತ್ತರಿಸಿ ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷ. ಎರಡು ತಿಂಗಳಿಂದ ಬೆಳಗ್ಗೆ ಏಳೋಕೇ ಆಗ್ತಿಲ್ಲ. ಕ್ಲಾಸ್ ತಪ್ಪಿಸ್ತೀನಿ, ತಪ್ಪಿಸಿದೆ ಅಂತ ಬೇಜಾರು ಮಾಡ್ಕೊಂಡು ಮರುದಿನವೂ ಹೋಗಲ್ಲ. ಅಳು ಬರಲ್ಲ. ಸಾಯ್ಬೇಕು ಅಂತೆಲ್ಲ ಅನಿಸಿಲ್ಲ. ಮನೇಲಿ ಏನೂ ತೊಂದರೆ ಇಲ್ಲ. ನನ್ನ ರೂಮ್‌ಮೇಟ್‌ನ ತಂದೆ ಮೊನ್ನೆ ಮೊನ್ನೆ ತೀರಿಕೊಂಡರು, ಅವನೇ ದಿನಾ ಕ್ಲಾಸಿಗೆ ಹೋಗ್ತಾನೆ. ಕಾಲೇಜಲ್ಲಿ ಕೌನ್ಸೆಲರ್ ಇದ್ದಾರೆ. ನಾನು ಹೋದರೆ ನಿಜವಾಗಿ ಕಷ್ಟ ಇರೋರ ಜಾಗ ಕಿತ್ಕೊಂಡ ಹಾಗಾಗಲ್ವಾ?

ಉತ್ತರ: ಆಗಲ್ಲ. ಮೊದಲು ಅದನ್ನು ತಲೆಯಿಂದ ತೆಗೆದುಹಾಕಿ. ಕೌನ್ಸೆಲರ್ ಕೋಣೆಯ ಬಾಗಿಲಲ್ಲಿ ಯಾರೂ ನಿಮ್ಮ ಕಷ್ಟ ತೂಗಿ ನೋಡಿ ಒಳಗೆ ಬಿಡುವುದಿಲ್ಲ. ರೂಮ್‌ಮೇಟ್ ಕ್ಲಾಸಿಗೆ ಹೋಗುತ್ತಾನೆ ಅಂದ ಮಾತ್ರಕ್ಕೆ ಅವನು ಸರಿಯಾಗಿದ್ದಾನೆ ಅಂತಲೂ ಅಲ್ಲ, ನಿಮ್ಮದು ಸೋಮಾರಿತನ ಅಂತಲೂ ಅಲ್ಲ.

ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು "ಎರಡು ತಿಂಗಳಿಂದ" ಅನ್ನೋದು. ಒಂದು ವಾರ ಬೇಜಾರಿರುವುದು ಎಲ್ಲರಿಗೂ ಇದ್ದದ್ದೇ. ಆದರೆ ಮಂಕು ಎರಡು ವಾರಕ್ಕಿಂತ ಜಾಸ್ತಿ ಉಳಿದು, ನಿದ್ದೆಗೋ ಊಟಕ್ಕೋ ಓದಿಗೋ ಅಡ್ಡ ಬರುತ್ತಿದ್ದರೆ ಡಾಕ್ಟರುಗಳು ಖಿನ್ನತೆ ಇರಬಹುದಾ ಅಂತ ವಿಚಾರಿಸಲು ಶುರು ಮಾಡುತ್ತಾರೆ. ನಿಮ್ಮದು ಎರಡು ತಿಂಗಳು. ಇನ್ನೊಂದು ಮಾತು, ಖಿನ್ನತೆ ಅಂದರೆ ಅಳುವುದೇ ಆಗಬೇಕಿಲ್ಲ. ಎಷ್ಟೋ ಜನಕ್ಕೆ ಅಳು ಬರುವುದೇ ಇಲ್ಲ. ಯಾವುದರಲ್ಲೂ ಮನಸ್ಸಿಲ್ಲ, ಹಲ್ಲುಜ್ಜೋದೂ ದೊಡ್ಡ ಕೆಲಸ ಅನಿಸುತ್ತದೆ, ಅಷ್ಟೇ. ನಿಮಗೆ ಖಿನ್ನತೆಯೇ ಇದೆ ಅಂತ ನಾನು ಪತ್ರ ನೋಡಿ ಹೇಳಲಾರೆ, ಹೇಳಲೂಬಾರದು. ಹಾಗೆ ಹೇಳುವವರನ್ನು ನಂಬಬೇಡಿ. ಥೈರಾಯ್ಡ್ ಹೆಚ್ಚುಕಮ್ಮಿ ಆದರೂ, ರಕ್ತ ಕಡಿಮೆಯಾದರೂ ಹೀಗೇ ಸುಸ್ತು ಹೊಡೆಯುತ್ತದೆ. ಆದ್ದರಿಂದ ಕೌನ್ಸೆಲರನ್ನು ನೋಡುವ ವಾರದಲ್ಲೇ ಒಂದು ಸಲ ಮಾಮೂಲಿ ಡಾಕ್ಟರನ್ನೂ ನೋಡಿ.

ನೀವೊಬ್ಬರೇ ಅಲ್ಲ ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷೆಯೊಂದರಲ್ಲಿ 8 ದೇಶಗಳ 19 ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳನ್ನು, ಹೆಚ್ಚುಕಮ್ಮಿ 14,000 ಮಂದಿಯನ್ನು, ಕೇಳಿದ್ದರು. 2018ರಲ್ಲಿ ಅದು ಪ್ರಕಟವಾಯಿತು. ಅವರಲ್ಲಿ ಶೇ. 35ರಷ್ಟು ಜನಕ್ಕೆ ಬದುಕಿನ ಯಾವುದೋ ಒಂದು ಹಂತದಲ್ಲಿ ಖಿನ್ನತೆ, ಆತಂಕ, ಕುಡಿತ ಇಂಥ ಯಾವುದಾದರೂ ಒಂದು ತೊಂದರೆಯ ಲಕ್ಷಣ ಇತ್ತು. ಮೂರರಲ್ಲಿ ಒಬ್ಬರು! ಮನಸ್ಸಿನ ಕಾಯಿಲೆಗಳು ಬರುವುದಾದರೆ ಬಹುಪಾಲು 24 ವರ್ಷದ ಒಳಗೇ ತಲೆ ಎತ್ತುತ್ತವೆ. ಅಂದರೆ ಡಿಗ್ರಿ ಓದುವ ವಯಸ್ಸೇ ಅದು. ಬೇಗ ಹೋದರೆ ಬೇಗ ಮುಗಿಯುತ್ತದೆ.

ಇದೇನು ಹೊಸ ಫ್ಯಾಷನ್ನೂ ಅಲ್ಲ. ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯಕ್ಕೇ ಅಂತ ಒಂದು ವ್ಯವಸ್ಥೆ ಮೊದಲು ಶುರುವಾಗಿದ್ದು 1910ರಲ್ಲಿ, ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಅಂತ ಹೇಳುತ್ತಾರೆ. ಕಾರಣ ಏನು ಗೊತ್ತಾ? ಓದಿನಲ್ಲಿ ಚೆನ್ನಾಗೇ ಇದ್ದ ಹುಡುಗರು ಡಿಗ್ರಿ ಮುಗಿಸದೆ ಬಿಟ್ಟು ಹೋಗುತ್ತಿದ್ದರು, ನೋಡಿದರೆ ತೊಂದರೆ ಇದ್ದದ್ದು ಪಾಠದಲ್ಲಲ್ಲ. ನಿಮ್ಮಂಥವರಿಗಾಗಿಯೇ ಆ ಕೋಣೆ ಹುಟ್ಟಿದ್ದು. ಹೋಗಿ.

ಪ್ರಶ್ನೆ: ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ಒಳಗೆ ಹೋದರೆ ಏನು ಕೇಳ್ತಾರೆ, ನಾನು ಏನು ಹೇಳ್ಬೇಕು ಅಂತ ಯೋಚನೆ ಮಾಡಿ ಮಾಡಿ ಕ್ಯಾನ್ಸಲ್ ಮಾಡೋ ಹಾಗಾಗಿದೆ. ಪಾಸಿಟಿವ್ ಆಗಿ ಯೋಚಿಸು ಅಂತ ಹೇಳಿ ಕಳಿಸ್ತಾರಾ?

ಉತ್ತರ: ಕ್ಯಾನ್ಸಲ್ ಮಾಡಬೇಡಿ. ಸಾಮಾನ್ಯವಾಗಿ ಏನಾಗುತ್ತದೆ ಅಂತ ಹೇಳುತ್ತೇನೆ, ಅರ್ಧ ಭಯ ಅಲ್ಲೇ ಹೋಗುತ್ತದೆ.

ಮೊದಲು ಒಂದು ಫಾರಂ ಕೊಡುತ್ತಾರೆ. ಹೆಸರು, ಕೋರ್ಸ್, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು, ಯಾವುದಾದರೂ ಮಾತ್ರೆ ತಗೊಳ್ತಿದ್ದೀರಾ, ಇಂಥವು. ಜೊತೆಗೆ ಒಂದು ಒಪ್ಪಿಗೆ ಪತ್ರ. ಅದನ್ನು ಓದದೆ ಸಹಿ ಹಾಕಬೇಡಿ, ಗುಟ್ಟಿನ ವಿಚಾರ ಎಲ್ಲ ಅದರಲ್ಲೇ ಇರುತ್ತದೆ. ಕೆಲವು ಕಡೆ ಪಿಎಚ್‌ಕ್ಯೂ-9 ಅನ್ನುವ ಒಂದು ಹಾಳೆಯನ್ನೂ ಕೊಡುತ್ತಾರೆ. ಹೋದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ: ಆಸಕ್ತಿ ಕಡಿಮೆಯಾಗಿದೆಯಾ, ನಿದ್ದೆ ಹೇಗಿದೆ, ಸುಸ್ತು ಇದೆಯಾ, ಊಟ ಹೇಗೆ, ಗಮನ ನಿಲ್ಲುತ್ತಾ ಅಂತೆಲ್ಲ. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸ್ವಲ್ಪ ಗಮನ ಕೊಡಬೇಕು ಅಂತ ಅರ್ಥ, ಅಷ್ಟೇ. ನಿಮಗೆ ಕಾಯಿಲೆ ಇದೆ ಅಂತ ಆ ಹಾಳೆ ತೀರ್ಮಾನ ಮಾಡುವುದಿಲ್ಲ. ಒಂಬತ್ತನೆಯದು ಸಾಯುವ ಯೋಚನೆ ಬಗ್ಗೆ. ಅದನ್ನು ಎಲ್ಲರಿಗೂ ಕೇಳುತ್ತಾರೆ, ನಿಮ್ಮ ಮುಖ ನೋಡಿ ಕೇಳಿದ್ದಲ್ಲ. ಉಳಿದ ಎಂಟಕ್ಕೆ ಹೇಗೆ ನಿಜ ಬರೆದಿರೋ ಅದಕ್ಕೂ ಹಾಗೇ ಬರೆಯಿರಿ. ಅಂಕ ಕಡಿಮೆ ಬರಲಿ ಅಂತ ಎಲ್ಲದಕ್ಕೂ ಸೊನ್ನೆ ಸುತ್ತುವವರಿದ್ದಾರೆ. ಇದು ಪರೀಕ್ಷೆಯಲ್ಲ ಮಾರಾಯ್ರೆ.

ಆಮೇಲೆ ಎದುರುಬದುರು ಅಥವಾ ಸ್ವಲ್ಪ ಓರೆಯಾಗಿ ಹಾಕಿದ ಎರಡು ಕುರ್ಚಿ, ಒಂದು ಗಡಿಯಾರ, ಮೂಲೆಯಲ್ಲೆಲ್ಲೋ ಟಿಶ್ಯೂ ಡಬ್ಬ. "ಇವತ್ತು ಇಲ್ಲಿಗೆ ಬರಬೇಕು ಅಂತ ಯಾಕೆ ಅನಿಸಿತು?" ಅನ್ನುವ ಥರದ್ದು ಮೊದಲ ಪ್ರಶ್ನೆ. ಏನು ಹೇಳಬೇಕು ತೋಚದಿದ್ದರೆ "ಎಲ್ಲಿಂದ ಶುರು ಮಾಡ್ಬೇಕು ಗೊತ್ತಾಗ್ತಿಲ್ಲ" ಅಂತಲೇ ಶುರು ಮಾಡಿ, ನೂರಾರು ಜನ ಹಾಗೇ ಶುರು ಮಾಡಿರುತ್ತಾರೆ. ಫೋನಿನಲ್ಲಿ ನಾಲ್ಕು ಸಾಲು ಬರೆದುಕೊಂಡು ಹೋಗಿ ಓದಿದರೂ ನಡೆಯುತ್ತದೆ. ನಡುವೆ ಒಂದು ನಿಮಿಷ ಇಬ್ಬರೂ ಸುಮ್ಮನಿರಬಹುದು, ಗಾಬರಿಯಾಗಬೇಡಿ, ಅದೂ ಅವರ ಕೆಲಸದ ಭಾಗವೇ. 45ರಿಂದ 50 ನಿಮಿಷಕ್ಕೆ ಮುಗಿಯುತ್ತದೆ. ಹೇಳೋಕೆ ಇಷ್ಟವಿಲ್ಲದ್ದನ್ನು ಅವತ್ತೇ ಹೇಳಬೇಕಿಲ್ಲ. "ಅದರ ಬಗ್ಗೆ ಈಗ ಬೇಡ" ಅಂದರೆ ಒಳ್ಳೆಯ ಕೌನ್ಸೆಲರ್ ಮುಂದಕ್ಕೆ ಹೋಗುತ್ತಾರೆ.

ಪಾಸಿಟಿವ್ ಆಗಿ ಯೋಚಿಸು ಅಂತ ಹೇಳಿ ಕಳಿಸುವುದಕ್ಕೆ ಕೌನ್ಸೆಲರ್ ಯಾಕೆ ಬೇಕು, ಅದನ್ನು ಹೇಳೋಕೆ ನೆಂಟರೇ ಸಾಕಲ್ಲ. ಈ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಕಾರ್ಲ್ ರೋಜರ್ಸ್ ದೊಡ್ಡ ಹೆಸರು. 1945ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಕೌನ್ಸೆಲಿಂಗ್ ಕೇಂದ್ರ ಕಟ್ಟಿದವರು. ಬುದ್ಧಿ ಹೇಳುವುದರಿಂದ ಜನ ಬದಲಾಗುವುದಿಲ್ಲ, ತೀರ್ಪು ಕೊಡದೆ, ನಾಟಕ ಮಾಡದೆ, ಅವರ ಜಾಗದಲ್ಲಿ ನಿಂತು ಕೇಳಿಸಿಕೊಂಡರೆ ಬದಲಾಗುತ್ತಾರೆ ಅನ್ನುವುದು ಅವರ ವಾದ. 1960ರ ದಶಕದಲ್ಲಿ ಏರನ್ ಬೆಕ್ ಅನ್ನುವ ಅಮೆರಿಕದ ಮನೋವೈದ್ಯರು ಇನ್ನೊಂದು ದಾರಿ ಹಿಡಿದರು. ತಲೆಯಲ್ಲಿ ತಾನಾಗಿ ಓಡುವ ಯೋಚನೆಗಳನ್ನು ಹಿಡಿದು ನಿಲ್ಲಿಸಿ, ಇದಕ್ಕೆ ಸಾಕ್ಷಿ ಏನಿದೆ ಅಂತ ಕೇಳುವ ದಾರಿ ಅದು. ಒಂದು ಇಂಟರ್ನಲ್ಸ್ ಕೆಟ್ಟು ಹೋದ ಕೂಡಲೇ "ನನ್ನ ಕೈಲಿ ಏನೂ ಆಗಲ್ಲ" ಅನಿಸುತ್ತದಲ್ಲ, ಅದನ್ನು ಹಾಳೆಯ ಮೇಲೆ ಬರೆಸಿ, ಹೌದೆನ್ನುವುದಕ್ಕೆ ಏನಿದೆ ಅಲ್ಲವೆನ್ನುವುದಕ್ಕೆ ಏನಿದೆ ಅಂತ ನಿಮ್ಮ ಕೈಯಲ್ಲೇ ಪಟ್ಟಿ ಮಾಡಿಸುತ್ತಾರೆ. ಬಹಳ ಕಡೆ ಈ ಎರಡರ ಮಿಶ್ರಣ ಸಿಗುತ್ತದೆ.

ಪ್ರಶ್ನೆ: ನಾನು ಹೇಳಿದ್ದು ಎಚ್‌ಒಡಿಗೆ, ಮನೆಯವರಿಗೆ ಗೊತ್ತಾಗುತ್ತಾ? ಮುಂದೆ ಕೆಲಸಕ್ಕೆ ಹೋಗುವಾಗ ರೆಕಾರ್ಡ್‌ನಲ್ಲಿ ಬರುತ್ತಾ?

ಉತ್ತರ: ಮಾರ್ಕ್ಸ್ ಕಾರ್ಡ್, ಟಿಸಿ, ಇದ್ಯಾವುದರಲ್ಲೂ ಬರುವುದಿಲ್ಲ. ಕೌನ್ಸೆಲಿಂಗ್ ಟಿಪ್ಪಣಿ ಓದಿನ ಕಡತದಿಂದ ಬೇರೆಯೇ ಇರಬೇಕು ಅನ್ನುವುದು ಈ ವೃತ್ತಿಯ ನಿಯಮ. ನೀವು ವಯಸ್ಕರಾಗಿದ್ದರೆ ನಿಮ್ಮ ಒಪ್ಪಿಗೆ ಇಲ್ಲದೆ ಮನೆಗೂ ಹೇಳುವ ಹಾಗಿಲ್ಲ.

ಆದರೆ ಗುಟ್ಟಿಗೆ ಗಡಿ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಿಮ್ಮ ಜೀವಕ್ಕೆ ಈಗಲೇ ಅಪಾಯ ಇದ್ದರೆ, ಇನ್ನೊಬ್ಬರಿಗೆ ಹಾನಿ ಮಾಡುತ್ತೀರಿ ಅಂತ ಗಟ್ಟಿಯಾಗಿ ಅನಿಸಿದರೆ, ಮಗುವೊಂದರ ಮೇಲೆ ದೌರ್ಜನ್ಯ ನಡೆಯುತ್ತಿರುವುದು ಗೊತ್ತಾದರೆ, ಕೋರ್ಟ್ ಆದೇಶ ಬಂದರೆ, ಆಗ ಕೌನ್ಸೆಲರ್ ಬೇರೆಯವರಿಗೆ ಹೇಳಬೇಕಾಗಬಹುದು. ಎರಡನೆಯದರ ಹಿಂದೆ ಒಂದು ಕಹಿ ಕಥೆಯಿದೆ. ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ, ಒಬ್ಬ ಹುಡುಗಿಯನ್ನು ಕೊಲ್ಲುತ್ತೇನೆ ಅಂತ ಅಲ್ಲಿನ ಮನಶ್ಶಾಸ್ತ್ರಜ್ಞರ ಬಳಿ ಹೇಳಿಕೊಂಡಿದ್ದ. ಹುಡುಗಿಗೆ ಯಾರೂ ಎಚ್ಚರಿಕೆ ಕೊಡಲಿಲ್ಲ, 1969ರಲ್ಲಿ ಆತ ಹೇಳಿದ್ದನ್ನು ಮಾಡಿಬಿಟ್ಟ. 1976ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಅಪಾಯದಲ್ಲಿರುವವರನ್ನು ಕಾಪಾಡುವ ಹೊಣೆ ಚಿಕಿತ್ಸಕರ ಮೇಲೂ ಇದೆ ಅಂತ ತೀರ್ಪು ಕೊಟ್ಟಿತು. ಆಮೇಲೆ ಈ ವಿಚಾರ ಬೇರೆ ಬೇರೆ ದೇಶಗಳ ನಿಯಮಗಳಲ್ಲೂ ಬಂತು.

ಹಾಳೆಯ ಮೇಲಿನ ನಿಯಮ ಒಂದಾದರೆ ನಡೆಯುವುದು ಇನ್ನೊಂದಾಗಿರಬಹುದು. ಕೆಲವು ಕಾಲೇಜುಗಳಲ್ಲಿ ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಂಡವರು ನಿಮಗೆ ಪಾಠ ಮಾಡುವ ಮೇಡಮ್ಮೇ ಆಗಿರುತ್ತಾರೆ, ಇಲ್ಲವೇ ವಾರ್ಡನ್ ಆಗಿರುತ್ತಾರೆ. ಇಂಟರ್ನಲ್ಸ್ ಅಂಕ ಕೊಡುವವರ ಹತ್ತಿರ ಮನಸ್ಸು ಬಿಚ್ಚುವುದು ಯಾರಿಗೆ ತಾನೇ ಸಾಧ್ಯ? ಇದು ಒಳ್ಳೆಯ ಪದ್ಧತಿಯಲ್ಲ. ಹೀಗಿದ್ದರೆ ಹೊರಗಿನ ಕೌನ್ಸೆಲರನ್ನು ಹುಡುಕಿ. ಯಾರೇ ಆಗಲಿ, ಮೊದಲ ಐದು ನಿಮಿಷದಲ್ಲಿ ನೇರವಾಗಿ ಕೇಳಿಬಿಡಿ: "ನೋಟ್ಸ್ ಎಲ್ಲಿಡ್ತೀರಿ? ಯಾರು ಓದಬಹುದು? ಯಾವಾಗ ಬೇರೆಯವರಿಗೆ ಹೇಳ್ತೀರಿ, ಹೇಳುವ ಮೊದಲು ನನಗೆ ತಿಳಿಸ್ತೀರಾ?" ಈ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳುವವರಾದರೆ ಎದ್ದು ಬನ್ನಿ. ಅಂದಹಾಗೆ ಕಾಲೇಜು ಕೊಟ್ಟ ಇಮೇಲ್‌ನಿಂದ ನಿಮ್ಮ ಕಥೆಯೆಲ್ಲ ಬರೆದು ಕಳಿಸಬೇಡಿ. ಅಪಾಯಿಂಟ್‌ಮೆಂಟ್ ಕೇಳೋಕೆ ಮಾತ್ರ ಅದು ಸಾಕು.

ಪ್ರಶ್ನೆ: ಎರಡು ಸಲ ಹೋದೆ. ನಾನು ಹೇಳಿದ್ದು ಕಮ್ಮಿ, ಅವರು ತಮ್ಮ ಕಾಲೇಜು ದಿನಗಳ ಕಥೆ ಹೇಳಿದ್ದೇ ಜಾಸ್ತಿ. ಇನ್ನು ಕೌನ್ಸೆಲಿಂಗ್ ಸಹವಾಸವೇ ಬೇಡ ಅನಿಸಿದೆ.

ಉತ್ತರ: ಅವರ ಸಹವಾಸ ಬೇಡ ಅನ್ನಿ, ಕೌನ್ಸೆಲಿಂಗ್ ಬೇಡ ಅನ್ನಬೇಡಿ. ಯಾವ ಪದ್ಧತಿಯ ಚಿಕಿತ್ಸೆ ಅನ್ನುವುದಕ್ಕಿಂತ, ಇಬ್ಬರ ನಡುವೆ ನಂಬಿಕೆ ಕೂಡಿಬಂತಾ ಅನ್ನುವುದರ ಮೇಲೆ ಫಲ ಬಹಳ ನಿಂತಿದೆ ಅಂತ ಸಂಶೋಧನೆಗಳು ಮತ್ತೆ ಮತ್ತೆ ಹೇಳಿವೆ. ಆದ್ದರಿಂದ ಬದಲಾಯಿಸುವುದು ತಪ್ಪಲ್ಲ, ಅವಮಾನವೂ ಅಲ್ಲ. ಕೇಂದ್ರದ ರಿಸೆಪ್ಷನ್‌ನಲ್ಲಿ "ಬೇರೆ ಕೌನ್ಸೆಲರ್ ಸಿಗಬಹುದಾ" ಅಂದರೆ ಸಾಕು, ಕಾರಣ ಕೊಡಬೇಕಿಲ್ಲ. ಹಾಗಂತ ಮೊದಲ ದಿನವೇ ಹಗುರವಾಗಿಬಿಡಬೇಕು ಅಂತ ಕಾಯಬೇಡಿ. ಕೆಲವೊಮ್ಮೆ ಮೊದಲೆರಡು ಸಲ ಮಾತಾಡಿ ಬಂದ ಸಂಜೆ ಮನಸ್ಸು ಇನ್ನೂ ಕದಡಿರುತ್ತದೆ, ಅದು ಮಾಮೂಲು. ಕೇಳಿಸಿಕೊಳ್ಳುವ ಕೌನ್ಸೆಲರ್ ಆದರೆ ಮೂರು ನಾಲ್ಕು ಸಲ ನೋಡಿ. ತಮ್ಮ ಕಥೆ ಹೇಳುವವರು, ನಿಮ್ಮ ಜಾತಿ, ಪ್ರೀತಿ, ಬಟ್ಟೆ ನೋಡಿ ಬೈಯುವವರು, ಪೂಜೆ ಮಾಡಿಸಿ ಅನ್ನುವವರು, ಇವರಿಗೆ ಎರಡನೇ ಸಲವೂ ಕೊಡಬೇಕಾಗಿಲ್ಲ.

ಪ್ರಶ್ನೆ: ಯೂನಿವರ್ಸಿಟಿ ಕೇಂದ್ರದಲ್ಲಿ ಮೂರು ವಾರ ಬಿಟ್ಟು ಬನ್ನಿ ಅಂದಿದ್ದಾರೆ. ಪರೀಕ್ಷೆ ಬಂತು, ರಾತ್ರಿ ಎದೆ ಢವಢವ ಅಂತ ನಿದ್ದೆಯೇ ಇಲ್ಲ. ಅಲ್ಲೀವರೆಗೆ ಏನ್ಮಾಡ್ಲಿ?

ಉತ್ತರ: ಒಂದರಿಂದ ಒಂದೂವರೆ ಸಾವಿರ ವಿದ್ಯಾರ್ಥಿಗಳಿಗೆ ಒಬ್ಬರಾದರೂ ಕೌನ್ಸೆಲರ್ ಇರಬೇಕು ಅಂತ ಈ ಸೇವೆಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆಯೊಂದು ಹೇಳುತ್ತದೆ. ನಿಮ್ಮಲ್ಲಿ ಎಷ್ಟು ಸಾವಿರಕ್ಕೆ ಒಬ್ಬರಿದ್ದಾರೆ ಎಣಿಸಿ ನೋಡಿ, ಮೂರು ವಾರ ಯಾಕಾಗುತ್ತದೆ ಗೊತ್ತಾಗುತ್ತದೆ. ವಿದ್ಯಾರ್ಥಿ ಸಂಘಗಳು ಗಲಾಟೆ ಮಾಡಬೇಕಾದ ವಿಷಯ ಇದ್ದರೆ ಇದು.

ಈಗ ನಿಮ್ಮ ವಿಷಯ. ಮೊದಲು ಕೇಂದ್ರಕ್ಕೆ ಇನ್ನೊಂದು ಫೋನ್ ಮಾಡಿ, ನಿದ್ದೆಯೇ ಇಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳಿ. ಬುಕ್ ಮಾಡುವಾಗ ಬಹಳ ಜನ "ಸ್ವಲ್ಪ ಸ್ಟ್ರೆಸ್" ಅಂತಷ್ಟೇ ಹೇಳಿರುತ್ತಾರೆ, ಅವರೂ ಹಾಗೇ ಬರೆದುಕೊಂಡಿರುತ್ತಾರೆ. ಕೆಲವು ಕೇಂದ್ರಗಳಲ್ಲಿ ತುರ್ತಿಗೆ ಅಂತಲೇ ಒಂದೆರಡು ಸಮಯ ಖಾಲಿ ಇಟ್ಟಿರುತ್ತಾರೆ. ಯಾರಾದರೂ ಬರುವುದಿಲ್ಲ ಅಂದಾಗ ಆ ಸಮಯ ನನಗೆ ಕೊಡಿ ಅಂತಲೂ ಹೇಳಿಡಿ.

ನಿದ್ದೆಗೆ ನನ್ನ ಒಂದೇ ಗಟ್ಟಿ ಸಲಹೆ: ಮಲಗುವ ಹೊತ್ತನ್ನಲ್ಲ, ಏಳುವ ಹೊತ್ತನ್ನು ಹಿಡಿದುಕೊಳ್ಳಿ. ರಾತ್ರಿ ಎಷ್ಟಕ್ಕೇ ಕಣ್ಣು ಮುಚ್ಚಲಿ, ಬೆಳಗ್ಗೆ ಅದೇ ಹೊತ್ತಿಗೆ ಎದ್ದು ಬಿಸಿಲಿಗೆ ಬನ್ನಿ. ಒಂದು ವಾರ ಕಷ್ಟ, ಆಮೇಲೆ ಮೈ ತಾನೇ ಹೊಂದಿಕೊಳ್ಳುತ್ತದೆ. ಹಾಸಿಗೆಯಲ್ಲಿ ಕೂತು ಓದಬೇಡಿ. ಹೊರಳಾಡಿ ಇಪ್ಪತ್ತು ನಿಮಿಷ ಆದರೂ ನಿದ್ದೆ ಹತ್ತದಿದ್ದರೆ ಎದ್ದು ಕುರ್ಚಿಯಲ್ಲಿ ಕೂತು ಬೇಜಾರಿನ ಪುಸ್ತಕವೊಂದನ್ನು ಓದಿ. ಸಂಜೆ ಕುಡಿದ ಕಾಫಿಯ ಕೆಫೀನ್ ಅರ್ಧ ಕರಗೋಕೇ ಸುಮಾರು ಐದು ಗಂಟೆ ಬೇಕು, ಎಂಟಕ್ಕೆ ಕುಡಿದರೆ ರಾತ್ರಿ ಒಂದಕ್ಕೂ ಅರ್ಧ ಒಳಗೇ ಇರುತ್ತದೆ. ಮಧ್ಯಾಹ್ನದ ಮೇಲೆ ಬಿಟ್ಟುಬಿಡಿ.

ಎದೆ ಢವಢವ ಅಂದು, ಕೈ ಬೆವರಿ, ಉಸಿರೇ ಸಿಗದ ಹಾಗಾದರೆ ಅದು ಪ್ಯಾನಿಕ್ ಆಗಿರಬಹುದು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಜೋರಾಗಿ ಏರಿ ಆಮೇಲೆ ಇಳಿಯುತ್ತದೆ. ಪ್ರಾಣ ಹೋದ ಹಾಗೆ ಅನಿಸುತ್ತದೆ, ಹೋಗುವುದಿಲ್ಲ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ, ಪಾದವನ್ನು ನೆಲಕ್ಕೆ ಒತ್ತಿ ಹಿಡಿದು ಕೂತುಕೊಳ್ಳಿ. ಮೊದಲ ಸಲ ಹೀಗಾಗುತ್ತಿದ್ದರೆ, ಇಲ್ಲವೇ ಎದೆನೋವೂ ಇದ್ದರೆ, ಡಾಕ್ಟರಿಗೆ ತೋರಿಸಿ. ಹೃದಯದ ತೊಂದರೆ ಅಲ್ಲ ಅಂತ ಅವರೇ ಹೇಳಲಿ.

ನಡುರಾತ್ರಿ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸಹಾಯವಾಣಿಗಳಿವೆ. ಕೆಲವು ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿಗಳೇ ತರಬೇತಿ ತೆಗೆದುಕೊಂಡು ರಾತ್ರಿ ಫೋನಿನ ಮುಂದೆ ಕೂರುತ್ತಾರೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ಶುರುವಾದ ನೈಟ್‌ಲೈನ್ ಇಂಥದ್ದೇ. ಅವರು ಸಲಹೆ ಕೊಡುವುದಿಲ್ಲ, ಹೆಸರೂ ಕೇಳುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ನಿಮ್ಮಲ್ಲಿ ಅಂಥದ್ದು ಇಲ್ಲದಿದ್ದರೆ ನಾಲ್ಕು ಜನ ಸೇರಿ, ಕೌನ್ಸೆಲರೊಬ್ಬರ ಕೈಯಲ್ಲಿ ತರಬೇತಿ ಪಡೆದು ಶುರು ಮಾಡಬಹುದು. ತರಬೇತಿ ಇಲ್ಲದೆ ಮಾತ್ರ ಬೇಡ.

ಪ್ರಶ್ನೆ: ನನ್ನ ಗೆಳತಿ ಮೊನ್ನೆ ರಾತ್ರಿ "ನಾನಿಲ್ದಿದ್ರೆ ಎಲ್ಲರಿಗೂ ಆರಾಮು" ಅಂದಳು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ಬೆಳಗ್ಗೆ ನೋಡಿದರೆ ನಗ್ತಾ ಓಡಾಡ್ಕೊಂಡಿದ್ದಾಳೆ. ನಾನೇ ಜಾಸ್ತಿ ಯೋಚಿಸ್ತಿದ್ದೀನಾ?

ಉತ್ತರ: ಇಲ್ಲ. ಇವತ್ತೇ ಅವಳ ಜೊತೆ ಕೂತು ಮಾತಾಡಿ. ಈ ಅಂಕಣ ಓದಿ ಮುಗಿಸುವುದೂ ಬೇಡ, ಹೋಗಿ.

ಕೇಳುವುದನ್ನು ಸುತ್ತಿ ಬಳಸಿ ಕೇಳಬೇಡಿ. "ಸಾಯುವ ಯೋಚನೆ ಬರ್ತಿದೆಯಾ?" ಅಂತಲೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಇದನ್ನು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. ಕೊನೆಗೂ ಒಬ್ಬರು ಕೇಳಿದರಲ್ಲ ಅಂತ ಎಷ್ಟೋ ಜನಕ್ಕೆ ನಿರಾಳವೇ ಆಗುತ್ತದೆ. ಹೌದು ಅಂದರೆ, ಹೇಗೆ ಯಾವಾಗ ಅಂತ ಏನಾದರೂ ಯೋಚಿಸಿದ್ದೀಯಾ ಅಂತ ಕೇಳಿ. ಬುದ್ಧಿ ಹೇಳಬೇಡಿ, ಅಪ್ಪ ಅಮ್ಮನ ನೆನಪು ಮಾಡಿಸಿ ತಪ್ಪಿತಸ್ಥಳ ಹಾಗೆ ಮಾಡಬೇಡಿ. "ನೀನು ಹೇಳಿದ್ದು ಒಳ್ಳೇದಾಯ್ತು" ಅನ್ನಿ.

ಅವಳು ಯೋಚಿಸಿಟ್ಟಿದ್ದಾಳೆ ಅಂತ ಗೊತ್ತಾದರೆ ಒಂಟಿಯಾಗಿ ಬಿಡಬೇಡಿ. ಅಪಾಯಕ್ಕೆ ದಾರಿಯಾಗುವ ವಸ್ತು ಕೋಣೆಯಲ್ಲಿದ್ದರೆ ಬೇರೆಯವರ ಸಹಾಯದಿಂದ ಅಲ್ಲಿಂದ ತೆಗೆಸಿ. ಕೌನ್ಸೆಲರ್, ವಾರ್ಡನ್, ಆಸ್ಪತ್ರೆಯ ತುರ್ತು ವಿಭಾಗ, ಆತ್ಮಹತ್ಯೆ ತಡೆಯ ಸಹಾಯವಾಣಿ, ಯಾವುದು ಮೊದಲು ಸಿಗುತ್ತದೋ ಅದಕ್ಕೆ ಹೇಳಿ, ಅವಳಿಗೆ ತಿಳಿಸಿಯೇ ಹೇಳಿ. ನೀವು ಆಣೆ ಮುರಿದಿರಿ ಅಂತ ಅವಳಿಗೆ ಸಿಟ್ಟು ಬರುತ್ತದೆ. ಬರಲಿ ಬಿಡಿ, ಸಿಟ್ಟು ಇಳಿಯುತ್ತದೆ. ಇಂಥ ಗುಟ್ಟು ಇಟ್ಟುಕೊಳ್ಳುವುದು ಸ್ನೇಹದ ಕೆಲಸವಲ್ಲ.

ಬೆಳಗ್ಗೆ ನಗುತ್ತಾ ಓಡಾಡುವುದನ್ನು ನೋಡಿ ಸುಮ್ಮನಾಗಬೇಡಿ. ಸಾಯುವ ಯೋಚನೆ ಅಲೆಯ ಹಾಗೆ ಏರುತ್ತದೆ, ಇಳಿಯುತ್ತದೆ. ಆ ಏರಿನ ಹೊತ್ತು ದಾಟಿಸುವುದಕ್ಕೆಂದೇ ಕೌನ್ಸೆಲರುಗಳು ಅವಳ ಜೊತೆ ಕೂತು ಒಂದು ಹಾಳೆ ಬರೆಸುತ್ತಾರೆ. ಸ್ಟಾನ್ಲಿ ಮತ್ತು ಬ್ರೌನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ರೂಪಿಸಿದ್ದು ಅದು. ಕೆಟ್ಟ ಹೊತ್ತು ಬರುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ, ಆಗ ಒಬ್ಬಳೇ ಏನು ಮಾಡಬಹುದು, ಯಾರ ಜೊತೆ ಹೋಗಿ ಕೂರಬಹುದು, ಯಾರಿಗೆ ಹೇಳಿಕೊಳ್ಳಬಹುದು, ಯಾವ ಡಾಕ್ಟರಿಗೆ ಫೋನ್ ಮಾಡಬೇಕು, ಸುತ್ತಮುತ್ತ ಏನು ಇರಬಾರದು, ಎಲ್ಲ ಅವಳದೇ ಮಾತಿನಲ್ಲಿ. ಅದರಲ್ಲಿ ನಿಮ್ಮ ಹೆಸರೂ ಇರಬಹುದು. ಆದರೆ ಅವಳನ್ನು ಉಳಿಸುವ ಭಾರ ಪೂರ್ತಿ ನಿಮ್ಮ ತಲೆಯ ಮೇಲಲ್ಲ, ರಾತ್ರಿಯಿಡೀ ಕಾವಲು ಕೂತರೆ ನೀವೂ ಹಾಸಿಗೆ ಹಿಡಿಯುತ್ತೀರಿ. ಒಂದು ಸಲ ನೀವೂ ಕೌನ್ಸೆಲರನ್ನು ನೋಡಿ ಬನ್ನಿ.

ಪ್ರಶ್ನೆ: ನನ್ನ ಮಗನಿಗೆ ಮನೋವೈದ್ಯರು ಖಿನ್ನತೆಗೆ ಮಾತ್ರೆ ಬರೆದಿದ್ದಾರೆ. ಈ ವಯಸ್ಸಿಗೇ ಮಾತ್ರೆ ಹಿಡಿಸಿದರೆ ಜೀವನಪೂರ್ತಿ ಬಿಡೋಕಾಗಲ್ಲ ಅಂತ ನಮ್ಮವರೆಲ್ಲ ಹೇಳ್ತಿದ್ದಾರೆ. ಅವನು ಕೌನ್ಸೆಲರ್ ಹತ್ರ ಏನು ಹೇಳ್ತಾನೆ ಅಂತ ಕೇಳಿದರೆ ಅವರೂ ಹೇಳಲ್ಲ. ಹೆತ್ತವಳಿಗೆ ತಿಳಿಯೋ ಹಕ್ಕಿಲ್ವಾ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ ಅಮ್ಮಾ. ಮಾತ್ರೆಯ ಭಯ ಮೊದಲು ಬಿಡಿಸೋಣ. ಖಿನ್ನತೆಗೆ ಈಗ ಹೆಚ್ಚಾಗಿ ಕೊಡುವ ಮಾತ್ರೆಗಳು ಕುಡಿತದ ಹಾಗೆ ಚಟ ಹಿಡಿಸುವುದಿಲ್ಲ. ಆದರೆ ಫಲ ಕಾಣೋಕೆ ಎರಡರಿಂದ ಆರು ವಾರ ಬೇಕು, ಹೊಟ್ಟೆ ತೊಳಸುವುದು, ತಲೆನೋವು ಮಾತ್ರ ಮೊದಲ ವಾರದಲ್ಲೇ ಬರಬಹುದು. ಜನ ಮಾತ್ರೆ ಬಿಟ್ಟುಬಿಡುವುದು ಇಲ್ಲೇ. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರು ಮೆಲ್ಲಗೆ ಇಳಿಸುತ್ತಾರೆ. ಯಾರೋ ಹೇಳಿದರು ಅಂತ ಒಂದೇ ದಿನ ನಿಲ್ಲಿಸಿದರೆ ತಲೆ ಸುತ್ತಿ, ಮನಸ್ಸು ಕೆಟ್ಟು, "ನೋಡಿ ಬಿಡೋಕೇ ಆಗಲ್ಲ" ಅನ್ನುವ ಮಾತಿಗೆ ಅದೇ ಸಾಕ್ಷಿಯಾಗುತ್ತದೆ. ಒಂದನ್ನು ಮಾತ್ರ ಗಮನವಿಟ್ಟು ನೋಡಿ. 25ಕ್ಕಿಂತ ಚಿಕ್ಕವರಲ್ಲಿ ಶುರುವಿನ ವಾರಗಳಲ್ಲಿ ಕೆಲವರಿಗೆ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗುವುದುಂಟು. ಹಾಗೇನಾದರೂ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಹಕ್ಕಿನ ವಿಷಯಕ್ಕೆ ಬಂದರೆ, ಕೌನ್ಸೆಲರ್ ಹೇಳದೇ ಇರುವುದು ಅವರ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾರೆ ಅನ್ನುವುದಕ್ಕೆ ಗುರುತು. ನಿಮಗೆ ಹೇಳುತ್ತಾರೆ ಅಂತ ಗೊತ್ತಾದ ದಿನ ಅವನು ಅಲ್ಲೂ ಬಾಯಿ ಮುಚ್ಚುತ್ತಾನೆ. ನಿಮಗೆ ಗೊತ್ತಿರುವುದನ್ನು ಕೌನ್ಸೆಲರಿಗೆ ನೀವು ಹೇಳಬಹುದು, ಅದಕ್ಕೆ ಅಡ್ಡಿಯಿಲ್ಲ. ಮಗನನ್ನು "ಇವತ್ತು ಏನು ಮಾತಾಡಿದೆ" ಅಂತ ಕೇಳಬೇಡಿ, "ಇವತ್ತು ಹೇಗಿದ್ದೀಯ" ಅಂತ ಕೇಳಿ. ಉತ್ತರ ಒಂದೇ ಪದದಲ್ಲಿ ಬಂದರೂ ಸಾಕು. ನೆಂಟರಿಗೆಲ್ಲ ಅವನ ಮಾತ್ರೆಯ ವಿಷಯ ಹೇಳುವುದನ್ನು ಇವತ್ತಿಂದ ನಿಲ್ಲಿಸಿ.

ಪ್ರಶ್ನೆ: ಕೌನ್ಸೆಲರ್ ಬದಲು ಚಾಟ್‌ಬಾಟ್ ಜೊತೆ ಮಾತಾಡಿದರೆ ಸಾಲದಾ? ಅದು ಬೈಯಲ್ಲ, ದುಡ್ಡೂ ಕೇಳಲ್ಲ.

ಉತ್ತರ: ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಎಲಿಜಾ ಅನ್ನುವ ಪ್ರೋಗ್ರಾಂ ಬರೆದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದು ಬಿಟ್ಟರೆ ಅದಕ್ಕೆ ಏನೂ ಗೊತ್ತಿರಲಿಲ್ಲ. ಆದರೂ ಅವರ ಸೆಕ್ರೆಟರಿ ಅದರ ಜೊತೆ ಮಾತಾಡುವಾಗ "ನೀವು ಸ್ವಲ್ಪ ಹೊರಗೆ ಹೋಗ್ತೀರಾ" ಅಂದರಂತೆ! ಮನಸ್ಸು ಬಿಚ್ಚಿಕೊಳ್ಳೋಕೆ ನಮಗೆ ಅಷ್ಟು ಹಸಿವು. ಈಗಿನವು ಅದಕ್ಕಿಂತ ಎಷ್ಟೋ ಚುರುಕು. ಯೋಚನೆಗಳನ್ನು ಬರೆದು ಜೋಡಿಸಿಕೊಳ್ಳೋಕೆ, ಕೌನ್ಸೆಲರ್ ಹತ್ತಿರ ಏನು ಹೇಳಬೇಕು ಅಂತ ಪಟ್ಟಿ ಮಾಡೋಕೆ ಬಳಸಿ, ತೊಂದರೆಯಿಲ್ಲ. ಆದರೆ ನೀವು ಒಂದು ವಾರ ಮಾಯವಾದರೆ ಅದು ಹುಡುಕಿಕೊಂಡು ಬರುವುದಿಲ್ಲ. ನೀವು ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಚಾಳಿಯೂ ಅದಕ್ಕಿದೆ, ಕತ್ತಲೆಯ ಯೋಚನೆಗೂ ಹೂಂ ಅಂದುಬಿಡಬಹುದು.

ಪ್ರಶ್ನೆ: ಪಿಎಚ್‌ಡಿ ನಾಲ್ಕನೇ ವರ್ಷ. ಗೈಡ್ ಎಲ್ಲರ ಮುಂದೆ "ನಿನ್ನ ತಲೆಗೆ ಇದು ಹತ್ತಲ್ಲ" ಅಂತಾರೆ. ಭಾನುವಾರವೂ ಲ್ಯಾಬ್. ಅವರ ಸ್ವಂತ ಕೆಲಸಕ್ಕೂ ಕಳಿಸ್ತಾರೆ. ವಿಭಾಗದಲ್ಲಿ ಹೇಳಿಕೊಂಡರೆ ನೀನು ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಕಲಿ, ಕೌನ್ಸೆಲಿಂಗ್‌ಗೆ ಹೋಗು ಅಂದರು. ಕೌನ್ಸೆಲಿಂಗ್ ಬೇಕಿರೋದು ನನಗಾ, ಅವರಿಗಾ?

ಉತ್ತರ: ಒಳ್ಳೆಯ ಪ್ರಶ್ನೆ. ಇಷ್ಟು ಹೊತ್ತು ಎಲ್ಲರಿಗೂ ಹೋಗಿ ಹೋಗಿ ಅಂದ ನಾನೇ ನಿಮಗೆ ಹೇಳುತ್ತೇನೆ, ದೂರಿನ ಬದಲು ಕೌನ್ಸೆಲಿಂಗ್ ಕೊಟ್ಟು ಕಳಿಸುವುದು ಮೋಸ. ಅವಮಾನ ಮಾಡುವುದು, ರಜೆ ಕೊಡದಿರುವುದು, ಮನೆಗೆಲಸ ಮಾಡಿಸುವುದು, ಇವು ನಿಮ್ಮ ಮನಸ್ಸಿನ ತೊಂದರೆಗಳಲ್ಲ. ಪ್ರಾಣಾಯಾಮದ ವರ್ಕ್‌ಶಾಪ್‌ನಿಂದ ಗೈಡ್ ಸರಿಹೋಗುವುದಿಲ್ಲ.

ಹಾಗಂತ ಕೌನ್ಸೆಲರ್ ನಿಮಗೆ ಬೇಡ ಅಂತಲ್ಲ. ನಾಲ್ಕು ವರ್ಷ ಆ ಮಾತು ಕೇಳಿದ ಮೇಲೆ ಅದು ಒಳಗೆ ಕೂತಿರುತ್ತದೆ. ನಾನು ಅರ್ಹನಲ್ಲ, ಹೇಗೋ ಒಳಗೆ ನುಸುಳಿ ಬಂದಿದ್ದೇನೆ, ಒಂದು ದಿನ ಸಿಕ್ಕಿಬೀಳುತ್ತೇನೆ ಅನ್ನುವ ಭಾವನೆಯ ಬಗ್ಗೆ 1978ರಲ್ಲೇ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಬರೆದರು. ಅವರು ಕಂಡದ್ದು ಓದಿನಲ್ಲಿ, ಕೆಲಸದಲ್ಲಿ ಗೆದ್ದ ಹೆಣ್ಣುಮಕ್ಕಳಲ್ಲೇ. ನಿಮ್ಮ ವಿಷಯದಲ್ಲಿ ಆ ಮಾತನ್ನು ನಿಮ್ಮ ತಲೆ ಸುಮ್ನೆ ಹುಟ್ಟಿಸಿದ್ದಲ್ಲ, ಒಬ್ಬರು ಬಾಯಿಬಿಟ್ಟೇ ಹೇಳುತ್ತಿದ್ದಾರೆ. ಇವೆರಡನ್ನೂ ಬಿಡಿಸಿ ನೋಡೋಕೆ ಕೌನ್ಸೆಲರ್ ಸಹಾಯ ಮಾಡುತ್ತಾರೆ. ದೂರು ಕೊಡಬೇಕಾ, ಗೈಡ್ ಬದಲಾಯಿಸಬೇಕಾ, ಆರು ತಿಂಗಳು ಬಿಟ್ಟು ಬರಬೇಕಾ ಅನ್ನುವುದನ್ನು ಹೆದರಿಕೆಯಿಲ್ಲದೆ ಜೋರಾಗಿ ಯೋಚಿಸೋಕೆ ಅದು ಜಾಗ.

ದೂರಿನ ಕೆಲಸ ಬೇರೆಯಾಗಿ ನಡೆಯಲಿ. ಯಾವ ದಿನ, ಯಾರ ಮುಂದೆ, ಯಾವ ಮಾತು ಅಂದರು ಅಂತ ಅವತ್ತೇ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಭಾನುವಾರ ಬಾ ಅಂದ ಮೆಸೇಜುಗಳನ್ನು ಅಳಿಸಬೇಡಿ. ಅದೇ ಗೈಡ್ ಹತ್ತಿರ ಓದಿ ಹೋದವರನ್ನು ಒಬ್ಬರನ್ನಾದರೂ ಮಾತಾಡಿಸಿ, ನಿಮಗೊಬ್ಬರಿಗೇ ಹೀಗಾ ಎಲ್ಲರಿಗೂ ಹೀಗಾ ಗೊತ್ತಾಗುತ್ತದೆ. ಗೈಡ್ ಬದಲಾಯಿಸುವ ನಿಯಮ ಯೂನಿವರ್ಸಿಟಿಯ ಪಿಎಚ್‌ಡಿ ನಿಯಮಾವಳಿಯಲ್ಲೇ ಇರುತ್ತದೆ, ಅರ್ಜಿ ಕೊಡುವ ಮೊದಲು ಅದನ್ನು ಓದಿ. ಫೆಲೋಶಿಪ್ ನಿಲ್ಲುತ್ತದಾ, ಈಗಿನ ಡೇಟಾ ಯಾರದ್ದಾಗುತ್ತದೆ ಅನ್ನುವುದನ್ನು ಕೂಡ. ಆರೋಗ್ಯದ ಕಾರಣಕ್ಕೆ ರಜೆ ಬೇಕಾದರೆ ಪತ್ರದಲ್ಲಿ ಎಲ್ಲ ಕಥೆ ಬರೆಯಬೇಡಿ. "ವೈದ್ಯಕೀಯ ಕಾರಣ" ಅನ್ನುವ ಎರಡು ಪದ, ಡಾಕ್ಟರ ಸರ್ಟಿಫಿಕೇಟ್, ಯಾವತ್ತಿಂದ ಯಾವತ್ತಿನವರೆಗೆ ಅನ್ನುವ ದಿನಾಂಕ, ಇಷ್ಟು ಸಾಕು. ಪತ್ರದ ಒಂದು ಪ್ರತಿಗೆ ಆಫೀಸಿನ ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.